ಸೋರಿಯಾಸಿಸ್ ಇರುವವರ ಹೃದಯವನ್ನೂ ಪರೀಕ್ಷಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಚಿಕಿತ್ಸೆ ಸಿಗಲೆಂದು ನಮ್ಮ ರಾಜ್ಯವು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ನಡೆಸುತ್ತಿದೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯೂ ನಡೆಯುತ್ತದೆ. ಈ ಎರಡರ ನಡುವೆ ಯಾರ ಗಮನಕ್ಕೂ ಬಾರದೆ ಉಳಿದಿರುವ ಸೋರಿಯಾಸಿಸ್ ರೋಗಿಗಳ, ಅದರಲ್ಲೂ ಕಿರಿಯರ ಪರವಾಗಿ ತಮಗೆ ಬರೆಯುತ್ತಿದ್ದೇನೆ.

ಸೋರಿಯಾಸಿಸ್ ಬರೀ ಚರ್ಮದ ಕಾಯಿಲೆಯಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಎಬ್ಬಿಸುವ ಉರಿಯೂತವು ಮೊಣಕೈ, ಮೊಣಕಾಲು, ತಲೆಯ ಮೇಲೆ ಹೊಟ್ಟೇಳುವ ಕೆಂಪು ಮಚ್ಚೆಗಳಾಗಿ ನಮಗೆ ಕಾಣಿಸುತ್ತದೆ. ಅದೇ ಉರಿಯೂತ ರಕ್ತನಾಳಗಳ ಒಳಪದರಕ್ಕೂ ಹಾನಿ ಮಾಡಿ, ಅಲ್ಲಿ ಕೊಬ್ಬು ಕಟ್ಟಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ. ಬ್ರಿಟನ್ನಿನ ರೋಗಿಗಳ ದಾಖಲೆಗಳನ್ನು ಆಧರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಲ್ಲಿ ಹೃದಯಾಘಾತದ ಸಾಧ್ಯತೆ ಅದೇ ವಯಸ್ಸಿನ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. 60 ವರ್ಷದವರಲ್ಲಿ ಆ ಸಾಧ್ಯತೆ ಇತರರಿಗಿಂತ ಶೇ 36ರಷ್ಟು ಮಾತ್ರ ಹೆಚ್ಚಿತ್ತು. 30ರ ಪ್ರಾಯದಲ್ಲಿ ಹೃದಯಾಘಾತವೇ ವಿರಳವಾದ್ದರಿಂದ ಯಾರೂ ಗಾಬರಿಯಾಗಬೇಕಿಲ್ಲ. ಆದರೆ ತಪಾಸಣೆಗೆ ನಾವು ಹಾಕಿರುವ ವಯಸ್ಸಿನ ಗೆರೆ ಇವರಿಗೆ ಹೊಂದುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ಕಾಯಿಲೆ ಅನೇಕರಲ್ಲಿ 30ಕ್ಕಿಂತ ಮೊದಲೇ ಆರಂಭವಾಗುತ್ತದೆ.

ನನ್ನ ಮಗನಿಗೆ ಈಗ 26. ಕಾಲೇಜಿನ ದಿನಗಳಿಂದ ಚಿಕಿತ್ಸೆ ಪಡೆಯುತ್ತಿದ್ದಾನೆ. ಮುಲಾಮು, ಮಾತ್ರೆ ಬದಲಾದವೇ ಹೊರತು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನ ರಕ್ತದೊತ್ತಡ ನೋಡಿದವರಿಲ್ಲ, ಕೊಲೆಸ್ಟರಾಲ್ ಪರೀಕ್ಷೆ ಬರೆದವರಿಲ್ಲ. ಜನರ ನೋಟಕ್ಕೆ ಅಂಜಿ ಆಟದ ಮೈದಾನವನ್ನು ಬಿಟ್ಟ, ತೂಕ ಏರಿತು. ಇದು ಅಂಟುರೋಗವೆಂಬ ತಪ್ಪು ತಿಳಿವಳಿಕೆಯೂ ಹೀಗೆ ಸುತ್ತಿ ಬಂದು ಹೃದಯಕ್ಕೇ ಹೊರೆಯಾಗುತ್ತದೆ. ಸಾಲದ್ದಕ್ಕೆ, ಈ ಕಾಯಿಲೆಗೆ ಕೊಡುವ ಔಷಧಗಳಲ್ಲೇ ಸೈಕ್ಲೋಸ್ಪೊರಿನ್ ರಕ್ತದೊತ್ತಡವನ್ನೂ ಅಸಿಟ್ರೆಟಿನ್ ರಕ್ತದ ಕೊಬ್ಬಿನಂಶವನ್ನೂ ಏರಿಸಬಲ್ಲವು.

ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲೇ ಸೋರಿಯಾಸಿಸ್ ಅನ್ನು ಗಂಭೀರ ಅಸಾಂಕ್ರಾಮಿಕ ರೋಗವೆಂದು ಒಪ್ಪಿವೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳು 2018ರ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿ ಇದನ್ನು ಹೃದಯದ ಅಪಾಯವನ್ನು ಹೆಚ್ಚಿಸುವ ಅಂಶಗಳ ಸಾಲಿಗೆ ಸೇರಿಸಿವೆ. ಚರ್ಮದ ಚಿಕಿತ್ಸೆಯೊಂದರಿಂದಲೇ ಹೃದಯಾಘಾತ ತಪ್ಪುತ್ತದೆಂದು ನಾನು ವಾದಿಸುತ್ತಿಲ್ಲ, ಅದಕ್ಕೆ ಖಚಿತ ಪುರಾವೆ ಇನ್ನೂ ದೊರೆತಿಲ್ಲ. ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ, ತಂಬಾಕು ಇವುಗಳನ್ನು ಹತೋಟಿಗೆ ತಂದರೆ ಅಪಾಯ ಇಳಿಯುತ್ತದೆ ಎಂಬುದಕ್ಕಂತೂ ಪುರಾವೆಯ ಕೊರತೆಯಿಲ್ಲ.

ಆದ್ದರಿಂದ, ಸರ್ಕಾರಿ ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ಬರುವ ಪ್ರತಿಯೊಬ್ಬ ವಯಸ್ಕ ಸೋರಿಯಾಸಿಸ್ ರೋಗಿಯನ್ನು, ವಯಸ್ಸು 30 ಆಗಿರಲಿ ಬಿಡಲಿ, ಅದೇ ಆವರಣದ ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ಕ್ಲಿನಿಕ್ಕಿಗೆ ಕಳುಹಿಸಿ, ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಗಳನ್ನು ಮಾಡಿಸುವಂತೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ನಮೂನೆಯಲ್ಲಿ ಸೋರಿಯಾಸಿಸ್ ಬಗ್ಗೆ ಒಂದು ಪ್ರಶ್ನೆ ಸೇರಲಿ. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ. ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ. ಆ ಹೊತ್ತಿಗಾದರೂ ಸುತ್ತೋಲೆ ಆಸ್ಪತ್ರೆಗಳಿಗೆ ತಲುಪುವಂತೆ ತಾವು ನೋಡಿಕೊಳ್ಳಬೇಕು.

ಇತಿ ತಮ್ಮ ವಿಶ್ವಾಸಿ,
ಸೋರಿಯಾಸಿಸ್ ಇರುವ ಯುವಕನೊಬ್ಬನ ತಾಯಿ