ಎಂಟು ಮುಂಜಾನೆ, ಒಂದು ಖಾಲಿ ಡಬ್ಬಿ

ಮಳಖೇಡ

ಪ್ರೀತಿಯ ತಮ್ಮಾ,

ಅತ್ತಿಯ ಆಶೀರ್ವಾದ. ನಿನ್ನೆ ಫೋನಿನಲ್ಲಿ ಎಷ್ಟು ಖುಷಿಯಿಂದ ಹೇಳಿದೆ, ಅಪ್ಪನ ಸ್ಕೂಟಿ ತಗೊಂಡು ಒಬ್ಬನೇ ಸೂಪರ್ ಮಾರ್ಕೆಟ್‌ಗೆ ಹೋಗಿ ಬಂದೆ ಅಂತ. ಯುಗಾದಿ ಆದ ಮೇಲೆ 18 ತುಂಬುತ್ತದೆ, ಕಾರೂ ಕಲಿಯುತ್ತೇನೆ ಅಂದೆ. ಆಗ ನಾನು ಸುಮ್ನೆ ಇದ್ದೆ. ಫೋನಿನಲ್ಲಿ ಹೇಳಿದರೆ ಬೈದ ಹಾಗೆ ಕೇಳಿಸುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಸ್ಕೂಟಿ ಮಾತು. 18 ತುಂಬಿ ಲೈಸೆನ್ಸ್ ಆಗುವ ತನಕ ಅದನ್ನು ಓಡಿಸಬೇಡ. 16ಕ್ಕೇ ಲೈಸೆನ್ಸ್ ಕೊಡುತ್ತಾರೆ ಅಂತ ಗೆಳೆಯರು ಹೇಳಿರಬೇಕು, ಅಲ್ವಾ? ಅದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ನಿಮ್ಮ ಮನೆಯದು 110 ಸಿಸಿ. 2019ರಲ್ಲಿ ಕಾನೂನು ತಿದ್ದಿದ್ದಾರೆ. ಹುಡುಗರ ಕೈಗೆ ಗಾಡಿ ಕೊಟ್ಟ ತಂದೆ-ತಾಯಿಗೆ, ಇಲ್ಲವೇ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಸಿಕ್ಕಿಬಿದ್ದ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸೇ ಇಲ್ಲ. ಯಾರಿಗಾದರೂ ಪೆಟ್ಟಾದರೆ ಇನ್ಶೂರೆನ್ಸ್‌ನವರು ಕೊಟ್ಟ ದುಡ್ಡನ್ನು ನಿಮ್ಮಪ್ಪನಿಂದಲೇ ವಸೂಲಿ ಮಾಡಬಹುದು. ನಿಮ್ಮಪ್ಪ, ಅಂದರೆ ನನ್ನ ಅಣ್ಣ, ನಿನ್ನ ಮೇಲಿನ ಪ್ರೀತಿಗೆ ಚಾವಿ ಕೊಟ್ಟಿದ್ದಾನೆ. ಆ ಪ್ರೀತಿಗಾಗಿ ಅವನು ಠಾಣೆ ಮೆಟ್ಟಿಲು ಹತ್ತುವ ಹಾಗೆ ಆಗಬಾರದು.

ಇನ್ನು ಕಾರು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ.

ನಾನು ಕಾರು ಕಲಿತದ್ದು 34ನೇ ವಯಸ್ಸಿಗೆ. ಶಾಲೆಗೆ ಹೋಗಲು ಹೊತ್ತಿಗೆ ಸರಿಯಾಗಿ ಬಸ್ಸು ಸಿಗುತ್ತಿರಲಿಲ್ಲ. ಒಂದು ಡ್ರೈವಿಂಗ್ ಸ್ಕೂಲಿಗೆ 15 ದಿನ ಹೋದೆ. ಅವರ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಎದುರಿಗೆ ಏನೇ ಬರಲಿ, ಅವನೇ ಒತ್ತಿಬಿಡುತ್ತಿದ್ದ. ಕಾರು ನಿಲ್ಲುತ್ತಿತ್ತು. ನಾನೇ ನಿಲ್ಲಿಸಿದೆ ಅಂದುಕೊಳ್ಳುತ್ತಿದ್ದೆ. ಟೆಸ್ಟೂ ಪಾಸಾಯಿತು.

ಮನೆಗೆ ಹಳೆಯ ಮಾರುತಿ 800 ಬಂತು. ಒಬ್ಬಳೇ ಹೊರಟ ಮೊದಲ ದಿನ, ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಮುಂದಿನ ಆಟೋ ಗಕ್ಕನೆ ನಿಂತಿತು. ನನ್ನ ಕಾಲಿಗೆ ಬ್ರೇಕ್ ಸಿಗಲಿಲ್ಲ. ಎಡಕ್ಕೆ ತಿರುಗಿಸಿದೆ. ಕಾರು ಪೇರಲ ಹಣ್ಣಿನ ತಳ್ಳುಗಾಡಿಗೆ ಬಡಿಯಿತು. ಹಣ್ಣು ಮಾರುವ ಮುದುಕ ಬಿದ್ದ. ಮೊಣಕೈ ತರಚಿ ರಕ್ತ ಸುರಿಯಿತು. ದವಾಖಾನೆಗೆ ಕರೆದುಕೊಂಡು ಹೋದೆ, ಹಣ್ಣಿನ ದುಡ್ಡು ಕೊಟ್ಟೆ. ಅವನು ಒಂದು ಮಾತೂ ಬೈಯಲಿಲ್ಲ. "ಗಾಬರಿ ಆಗಬ್ಯಾಡವ್ವಾ" ಅಂತ ನನಗೇ ಸಮಾಧಾನ ಹೇಳಿದ. ಅದು ಇವತ್ತಿಗೂ ಚುಚ್ಚುತ್ತದೆ. ಇನ್ನೊಂದು ಅಡಿ ಮುಂದೆ ಹೋಗಿದ್ದರೆ ಆ ಮುದುಕ ಗಾಲಿ ಕೆಳಗೆ ಇರುತ್ತಿದ್ದ.

ಮೂರು ತಿಂಗಳು ಕಾರು ಮುಟ್ಟಲಿಲ್ಲ. ಆಗ ಬಂದವನು ನಿಮ್ಮಪ್ಪ. ನೀನಿನ್ನೂ ಹುಟ್ಟಿರಲಿಲ್ಲ. ಮುಂಜಾನೆ 6ಕ್ಕೆ ಊರ ಹೊರಗಿನ ಹೊಸ ಲೇಔಟಿಗೆ ಕರೆದುಕೊಂಡು ಹೋದ. ರಸ್ತೆ ಹಾಕಿದ್ದರು, ಮನೆ ಒಂದೂ ಎದ್ದಿರಲಿಲ್ಲ. ಖಾಲಿ ಎಣ್ಣೆ ಡಬ್ಬಿಯೊಂದನ್ನು ರಸ್ತೆ ನಡುವೆ ಇಟ್ಟ. "ಇದು ನಿಂತ ಮನುಷ್ಯ ಅಂತ ತಿಳಿ. ಇದರ ಮುಂದೆ ನಿಲ್ಲಿಸು" ಅಂದ. 20ರ ವೇಗದಲ್ಲಿ ಬಂದು ನಿಲ್ಲಿಸು. 30ರಲ್ಲಿ ಬಂದು ನಿಲ್ಲಿಸು. ಆಮೇಲೆ 40. ಬೇರೆ ಏನೂ ಇಲ್ಲ. ಮೊದಲ ದಿನವೇ ಡಬ್ಬಿ ಎರಡು ಸಲ ಚಪ್ಪಟೆಯಾಯಿತು. ಅವನು ನಗಲಿಲ್ಲ. ಕೈಯಿಂದ ತಿದ್ದಿ ಮತ್ತೆ ಇಟ್ಟ. ಹೀಗೆ ಎಂಟು ಮುಂಜಾನೆ. ಎಂಟನೇ ದಿನ, ಎಷ್ಟು ದೂರದಲ್ಲಿ ಕಾಲು ಎತ್ತಬೇಕು ಅನ್ನುವುದು ನನ್ನ ಮೈಗೇ ತಿಳಿಯಿತು.

ನೀನು ಪಿಯುಸಿ ಫಿಸಿಕ್ಸ್‌ನಲ್ಲಿ ಓದಿರುತ್ತೀ. 40ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. 60ರಲ್ಲಿ ಸುಮಾರು 17. ಕಣ್ಣು ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಆ ಒಂದು ಸೆಕೆಂಡು ಹೋಗಿಬಿಡುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲುವ ದೂರ ನಾಲ್ಕು ಪಟ್ಟು. ಪರೀಕ್ಷೆಗೆ ಇದನ್ನು ಬರೆಯಬಹುದು. ನನಗೆ ತಿಳಿದದ್ದು ಡಬ್ಬಿ ಚಪ್ಪಟೆಯಾದಾಗ.

ಗೇರು, ಕ್ಲಚ್ಚು ಹತ್ತು ದಿನದಲ್ಲಿ ಬರುತ್ತವೆ. ಅದರ ಚಿಂತೆ ಬೇಡ. ಜಾಸ್ತಿ ದಿನ ಬೇಕಾಗುವುದು ಕಣ್ಣಿಗೆ. ಆಟೋ ಯಾವ ಕಡೆ ತಿರುಗುತ್ತದೆ ಅಂತ ತಿಳಿಯಲು ಅದರ ಲೈಟು ನೋಡಬೇಡ, ಮುಂದಿನ ಗಾಲಿ ನೋಡು. ನಿಂತ ಬಸ್ಸು ಕಂಡರೆ, ಅದರ ಮುಂದಿನಿಂದ ಒಂದು ಮಗು ಓಡಿ ಬರುತ್ತದೆ ಅಂತಲೇ ತಿಳಿದುಕೋ. ಒಂದು ಕುರಿ ರಸ್ತೆ ದಾಟಿದರೆ ಹಿಂದೆ ಇಡೀ ಹಿಂಡು ಇದೆ.

ನಮ್ಮ ಸೇಡಂ ರಸ್ತೆ ಬೇರೆಯೇ ಪಾಠ. ಸಿಮೆಂಟ್ ಲಾರಿ ಹಿಂದೆ ಅಂಟಿಕೊಂಡು ಹೋದರೆ ಎದುರಿನದು ಏನೂ ಕಾಣುವುದಿಲ್ಲ. ಹಿಂದೆ ಸರಿದರೇ ರಸ್ತೆ ಕಾಣುತ್ತದೆ. ಈಗ ತೊಗರಿ ಸುಗ್ಗಿ. ರಸ್ತೆ ಮೇಲೇ ರಾಶಿ ಹರವಿರುತ್ತಾರೆ, ಒಣ ಕಡ್ಡಿಯ ಮೇಲೆ ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ. ಮಳೆ ಬಿದ್ದ ಮೇಲೆ ಹೊಲದಿಂದ ಬರುವ ಟ್ರ್ಯಾಕ್ಟರು ಎರೆ ಮಣ್ಣನ್ನು ಡಾಂಬರಿಗೆ ತರುತ್ತದೆ. ಅದು ಸಾಬೂನಿನ ಹಾಗೆ. ರಾತ್ರಿ ಹಿಂದೆ ಲೈಟೇ ಇಲ್ಲದ ಟ್ರೇಲರ್ ನಿಂತಿರುತ್ತದೆ. ಎದುರಿನ ಲೈಟು ಕಣ್ಣಿಗೆ ಹೊಡೆದರೆ ರಸ್ತೆಯ ಎಡ ಅಂಚು ನೋಡು, ವೇಗ ಇಳಿಸು. ನಿನ್ನ ಲೈಟು ಎಷ್ಟು ದೂರ ಬೀಳುತ್ತದೋ ಅಷ್ಟರೊಳಗೆ ನಿಲ್ಲುವಂತಿರಬೇಕು. ರಾತ್ರಿ ಅದಕ್ಕಿಂತ ಜೋರಾಗಿ ನಾನು ಇವತ್ತಿಗೂ ಹೋಗುವುದಿಲ್ಲ.

ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕರೆ 6 ತಿಂಗಳು ನಡೆಯುತ್ತದೆ. 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು. ನೀನು 31ನೇ ದಿನಕ್ಕೇ ಓಡಬೇಡ. ಒಂದು ಮಳೆಗಾಲ ಅದರೊಳಗೆ ಬರಲಿ, ಒಂದಿಷ್ಟು ರಾತ್ರಿಗಳೂ ಬರಲಿ. ಆ ಆರು ತಿಂಗಳೂ ಮುಂದೆ-ಹಿಂದೆ ಕೆಂಪು ಎಲ್ ಬೋರ್ಡು, ಪಕ್ಕದಲ್ಲಿ ಲೈಸೆನ್ಸ್ ಇರುವ ದೊಡ್ಡವರು. ಪಕ್ಕದಲ್ಲಿರುವವರು ಗೆಳೆಯರಲ್ಲ, ನೆನಪಿರಲಿ. ಗಾಡಿಯಲ್ಲಿ ನಾಲ್ಕು ಹುಡುಗರು ತುಂಬಿದರೆ ಓಡಿಸುವವನ ಕಾಲು ಅವನ ಮಾತು ಕೇಳುವುದಿಲ್ಲ. ಯಾರಾದರೂ ಜೋರಾಗಿ ಹೊಡಿ ಅಂದರೆ ನನ್ನ ಹೆಸರು ಹೇಳಿಬಿಡು. ನಮ್ಮ ಅತ್ತಿಯ ಹತ್ತಿರ ಮಾತು ಕೊಟ್ಟಿದ್ದೇನೆ ಅನ್ನು.

ಮಾರ್ಚ್‌ನಲ್ಲಿ ನಿನ್ನ ಪರೀಕ್ಷೆ ಮುಗಿಯಲಿ. ಎಲ್‌ಎಲ್‌ಆರ್ ಕೈಗೆ ಬಂದ ದಿನ ಅಪ್ಪನಿಗೆ ಕೇಳು, "ಅತ್ತಿಗಾಗಿ ಕೊಟ್ಟ ಎಂಟು ಮುಂಜಾನೆ ನನಗೂ ಕೊಡು" ಅಂತ. ಅವನು ಇಲ್ಲ ಅನ್ನುವುದಿಲ್ಲ. ಆ ಲೇಔಟಿನಲ್ಲಿ ಈಗ ಮನೆ ತುಂಬಿವೆ, ಬೇರೆ ಜಾಗ ಹುಡುಕಬೇಕು. ಡಬ್ಬಿ ನಾನು ತರುತ್ತೇನೆ.

ಸ್ಕೂಟಿಯ ಚಾವಿ ಅಲ್ಲಿಯ ತನಕ ನಿಮ್ಮವ್ವನ ಹತ್ತಿರ ಇರಲಿ. ಇವತ್ತೇ ಕೊಟ್ಟು ನನಗೊಂದು ಫೋನ್ ಮಾಡು.

ನಿನ್ನ
ಅತ್ತಿ