ಏಷ್ಯನ್ ಗೇಮ್ಸ್ ಫುಟ್‌ಬಾಲ್: ಹಿರಿಯರ ಶ್ರೇಯಾಂಕದಿಂದ ಕಿರಿಯರನ್ನು ಅಳೆಯಬೇಡಿ

ಮಾನ್ಯ ಸಂಪಾದಕರೇ,

ಏಷ್ಯನ್ ಗೇಮ್ಸ್ ಹತ್ತಿರ ಬಂದಾಗಲೆಲ್ಲ ನಮ್ಮ ಪುರುಷರ ಫುಟ್‌ಬಾಲ್ ತಂಡವನ್ನು ಕಳುಹಿಸಬೇಕೇ ಬೇಡವೇ ಎಂಬ ಚರ್ಚೆ ಏಳುತ್ತದೆ. ಅದು ಕೊನೆಗೆ ಬಂದು ನಿಲ್ಲುವುದು, ಭಾರತ ಏಷ್ಯಾದ ಮೊದಲ ಎಂಟು ತಂಡಗಳಲ್ಲಿ ಒಂದೇ ಎಂಬ ಪ್ರಶ್ನೆಯ ಮುಂದೆ. ಇದೇ ಮಾನದಂಡದ ಕಾರಣಕ್ಕೆ 2018ರ ಜಕಾರ್ತಾ ಕೂಟಕ್ಕೆ ತಂಡ ಹೋಗಲೇ ಇಲ್ಲ. ಈ ಪಂದ್ಯಾವಳಿಗೆ ಆ ಮಾನದಂಡವೇ ಹೊಂದುವುದಿಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಫುಟ್‌ಬಾಲ್ 2002ರ ಬೂಸಾನ್ ಕೂಟದಿಂದೀಚೆಗೆ 23 ವರ್ಷದೊಳಗಿನವರ ಪಂದ್ಯಾವಳಿಯಾಗಿದೆ. ಆ ವಯಸ್ಸು ಮೀರಿದ ಮೂವರಿಗೆ ಮಾತ್ರ ತಂಡದಲ್ಲಿ ಅವಕಾಶವಿದೆ. ಆದರೆ ಅರ್ಹತೆಗಾಗಿ ನೋಡುವ ಶ್ರೇಯಾಂಕ ಹಿರಿಯರ ತಂಡದ್ದು. ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಹಿರಿಯರು ಸೋತರೆ, ಆ ಪಂದ್ಯಗಳಲ್ಲಿ ಕಾಲಿಡದ ಇಪ್ಪತ್ತರ ಹರೆಯದ ಹುಡುಗರ ದಾರಿ ಮುಚ್ಚುತ್ತದೆ. ತಂಡ ಯೋಗ್ಯವಲ್ಲದಿದ್ದರೆ ಕಳುಹಿಸಬೇಡಿ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆ ಯೋಗ್ಯತೆಯನ್ನು ಆಡುವವರ ಆಟದಿಂದಲೇ, ಅಂದರೆ 23 ವರ್ಷದೊಳಗಿನವರ ಏಷ್ಯನ್ ಪಂದ್ಯಾವಳಿಗಳ ಫಲಿತಾಂಶದಿಂದಲೇ ನಿರ್ಧರಿಸಿ ಎಂಬುದಷ್ಟೇ ನನ್ನ ಕೋರಿಕೆ.

2023ರಲ್ಲಿ ಹಾಂಗ್‌ಝೌ ಕೂಟಕ್ಕೆ ತಂಡ ಹೋದ ರೀತಿಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಮೊದಲು ಅನುಮತಿ ನಿರಾಕರಿಸಿದ ಕ್ರೀಡಾ ಸಚಿವಾಲಯ ಜುಲೈ ಕೊನೆಯಲ್ಲಿ ನಿಯಮ ಸಡಿಲಿಸಿತು. ಸೆಪ್ಟೆಂಬರ್ 19ಕ್ಕೆ ಚೀನಾ ವಿರುದ್ಧ ಮೊದಲ ಪಂದ್ಯ. ಆ ಕೂಟ ಫಿಫಾ ಗೊತ್ತುಪಡಿಸಿದ ಅಂತರರಾಷ್ಟ್ರೀಯ ಪಂದ್ಯಗಳ ಅವಧಿಯಲ್ಲಿ ಬಂದಿರಲಿಲ್ಲವಾದ್ದರಿಂದ ಆಟಗಾರರನ್ನು ಬಿಟ್ಟುಕೊಡುವ ಬದ್ಧತೆ ಕ್ಲಬ್‌ಗಳಿಗಿರಲಿಲ್ಲ, ಅದೇ ವಾರ ಇಂಡಿಯನ್ ಸೂಪರ್ ಲೀಗ್ ಕೂಡ ಆರಂಭವಾಗುವುದಿತ್ತು. ಹೀಗಾಗಿ ಮೊದಲು ಪ್ರಕಟಿಸಿದ ಪಟ್ಟಿ ಒಡೆದು, ಸಿಕ್ಕವರನ್ನು ಸೇರಿಸಿ ಕಟ್ಟಿದ ತಂಡ ಪಂದ್ಯದ ಹಿಂದಿನ ದಿನವಷ್ಟೇ ಚೀನಾ ತಲುಪಿತು. ಅಂಥ ಸ್ಥಿತಿಯಲ್ಲೂ ಕೆ.ಪಿ. ರಾಹುಲ್ ಗೋಲಿನಿಂದ ವಿರಾಮದ ಹೊತ್ತಿಗೆ 1–1 ಸಮಬಲ ಸಾಧಿಸಿದ್ದ ಹುಡುಗರು ಉತ್ತರಾರ್ಧದಲ್ಲಿ ದಣಿದು 1–5ರಿಂದ ಸೋತರು. ಆಮೇಲೆ ಸುನಿಲ್ ಛೆಟ್ರಿ ಪೆನಾಲ್ಟಿಯಿಂದ ಬಾಂಗ್ಲಾದೇಶವನ್ನು ಮಣಿಸಿ, ಮ್ಯಾನ್ಮಾರ್ ಜೊತೆ ಡ್ರಾ ಮಾಡಿಕೊಂಡು ಹದಿನಾರರ ಘಟ್ಟಕ್ಕೇರಿದರು. ಅಲ್ಲಿ ಸೌದಿ ಅರೇಬಿಯಾಕ್ಕೆ 0–2ರಿಂದ ಶರಣಾದರು. ಒಂದು ತಿಂಗಳ ಶಿಬಿರವಾದರೂ ಸಿಕ್ಕಿದ್ದರೆ ಇವರು ಇನ್ನೂ ಚೆನ್ನಾಗಿ ಆಡುತ್ತಿದ್ದರೆಂಬುದು ನನ್ನ ದೃಢ ನಂಬಿಕೆ. ಆ ಕೂಟದಲ್ಲಿ ಸತತ ಮೂರನೇ ಬಾರಿಗೆ ಚಿನ್ನ ಗೆದ್ದ ದಕ್ಷಿಣ ಕೊರಿಯಾದಲ್ಲಿ, ಈ ಚಿನ್ನ ಆಟಗಾರರಿಗೆ ಕಡ್ಡಾಯ ಸೇನಾ ಸೇವೆಯಿಂದಲೇ ವಿನಾಯಿತಿ ತಂದುಕೊಡುತ್ತದೆ. ಅವರು ಇದನ್ನು ಎಷ್ಟು ಗಂಭೀರವಾಗಿ ಪರಿಗಣಿಸುತ್ತಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದೇ ಪಂದ್ಯಾವಳಿಯನ್ನು ಭಾರತ ಎರಡು ಬಾರಿ ಗೆದ್ದಿದೆ. 1951ರಲ್ಲಿ ದೆಹಲಿಯಲ್ಲಿ ಇರಾನನ್ನು 1–0ಯಿಂದ ಸೋಲಿಸಿದ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. 1962ರ ಜಕಾರ್ತಾದಲ್ಲಂತೂ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾಕ್ಕೆ ಸೋತ ತಂಡ ಅದೇ ಕೊರಿಯಾವನ್ನು ಫೈನಲ್‌ನಲ್ಲಿ 2–1ರಿಂದ ಸೋಲಿಸಿತು. ತಲೆಗೆ ಪೆಟ್ಟಾಗಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ತರಬೇತುದಾರ ಸೈಯದ್ ಅಬ್ದುಲ್ ರಹೀಂ ಮುಂಪಡೆಯಲ್ಲಿ ಆಡಿಸಿದರು, ಪಿ.ಕೆ. ಬ್ಯಾನರ್ಜಿಯವರ ಜೊತೆ ಗೋಲು ಹೊಡೆದವರು ಅವರೇ. 1970ರ ಬ್ಯಾಂಕಾಕ್‌ನ ಕಂಚಿನ ನಂತರ ಪದಕವೇ ಬಂದಿಲ್ಲ.

ಕೊಡಗು ಹಾಕಿಯ ನಾಡು, ಅದು ನಮ್ಮ ಹೆಮ್ಮೆ. ಇಂಚಿಯಾನ್‌ನಲ್ಲಿ 2014ರಲ್ಲಿ ಚಿನ್ನ ಗೆದ್ದು ಒಲಿಂಪಿಕ್ಸ್‌ಗೆ ನೇರ ಪ್ರವೇಶ ಪಡೆದ ಹಾಕಿ ತಂಡದಲ್ಲಿ ಈ ಜಿಲ್ಲೆಯ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಇದ್ದರು. ಆ ಗೆಲುವು ಇಲ್ಲಿನ ಎಷ್ಟು ಮನೆಗಳ ಮಕ್ಕಳ ಕೈಗೆ ಸ್ಟಿಕ್ ಕೊಟ್ಟಿತೆಂಬುದು ಊರೂರಿಗೂ ಗೊತ್ತು. ಆದರೆ ಇದೇ ಜಿಲ್ಲೆಯಲ್ಲಿ ಸುಂಟಿಕೊಪ್ಪ, ಸಿದ್ದಾಪುರ, ವಿರಾಜಪೇಟೆ ಕಡೆ ಕಾಫಿ ತೋಟದ ಲೈನ್‌ಮನೆಗಳ ಮಕ್ಕಳು ಮಳೆಗಾಲದ ಕೆಸರಿನಲ್ಲೂ ಬಿಡದೆ ಆಡುವುದು ಫುಟ್‌ಬಾಲನ್ನು. ಸುಂಟಿಕೊಪ್ಪದ ಗೋಲ್ಡ್ ಕಪ್ ಪಂದ್ಯಾವಳಿಗೆ ಹೊರಗಿನ ತಂಡಗಳೂ ಬರುತ್ತವೆ, ಮೈದಾನದ ಸುತ್ತ ಜನ ಕಿಕ್ಕಿರಿಯುತ್ತಾರೆ. ಹಾಕಿ ಆಡುವ ಹುಡುಗನಿಗೆ ಶಾಲಾ ತಂಡದಿಂದ ಏಷ್ಯನ್ ಗೇಮ್ಸ್‌ವರೆಗಿನ ದಾರಿ ಕಣ್ಣಿಗೆ ಕಾಣುತ್ತದೆ. ಪಕ್ಕದ ಮೈದಾನದಲ್ಲಿ ಫುಟ್‌ಬಾಲ್ ಆಡುವವನಿಗೆ, ತಾನು ಎಷ್ಟೇ ಬೆಳೆದರೂ ದೇಶ ಆ ಕೂಟಕ್ಕೆ ತಂಡ ಕಳುಹಿಸುವುದೋ ಇಲ್ಲವೋ ಎಂಬುದೇ ತಿಳಿಯದು. ಅಂಥವನು ಹದಿನೆಂಟಕ್ಕೆ ಆಟ ಬಿಟ್ಟು ಕೆಲಸ ಹುಡುಕಿಕೊಂಡು ಹೊರಟರೆ ಅವನ ತಂದೆತಾಯಿಗೆ ಏನೆಂದು ಹೇಳುವುದು?

2030ರ ಏಷ್ಯನ್ ಗೇಮ್ಸ್ ದೋಹಾದಲ್ಲಿ ನಡೆಯಲಿದೆ. ಇದೇ ವಯೋಮಿತಿ ಮುಂದುವರಿದರೆ 2007 ಮತ್ತು ಆಮೇಲೆ ಹುಟ್ಟಿದವರು ಅಲ್ಲಿ ಆಡಬೇಕು, ಅಂದರೆ ಅವರೆಲ್ಲ ಈಗಾಗಲೇ ಯಾವುದೋ ಶಾಲೆ, ಕಾಲೇಜು, ಕ್ಲಬ್‌ಗಳ ತಂಡಗಳಲ್ಲಿದ್ದಾರೆ. ಆ ಕೂಟಕ್ಕೆ ತಂಡ ಕಳುಹಿಸುವ ಷರತ್ತುಗಳೇನೆಂಬುದನ್ನು ಕ್ರೀಡಾ ಸಚಿವಾಲಯ ಈಗಲೇ ಪ್ರಕಟಿಸಲಿ. ಕೂಟದ ವಾರಗಳಲ್ಲಿ ಲೀಗ್ ಪಂದ್ಯಗಳನ್ನು ನಿಲ್ಲಿಸುವ ಬಗ್ಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕ್ಲಬ್‌ಗಳಿಂದ ಲಿಖಿತ ಒಪ್ಪಿಗೆ ಪಡೆಯಲಿ. ನಮ್ಮ ಜಿಲ್ಲೆಯ ಸಂಸದರು ಈ ವಿಷಯವನ್ನು ಲೋಕಸಭೆಯಲ್ಲಿ ಪ್ರಸ್ತಾಪಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಫುಟ್‌ಬಾಲ್ ಅಭಿಮಾನಿ
ಸುಂಟಿಕೊಪ್ಪ, ಕೊಡಗು