ಮಗಳಿಗೊಂದು ಪತ್ರ: ಇನ್ನೆರಡು ದಿನ ಕೊಡಿ ಅಂದವನು

ಕಾರವಾರ

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಸರಿಯಾಗಿ ಮಾತೇ ಆಡಲಿಲ್ಲ. ಬೆಟ್ಟದ ತುದಿಗೆ ಮೂರು ಗಂಟೆ ನಡಿಗೆ ಇದೆ ಅನ್ನುವಾಗ ಗೈಡ್ ವಾಪಸ್ ಹೊರಡಿ ಅಂದರು, ಜೊತೆಯವರೆಲ್ಲ ಹ್ಞೂಂ ಅಂದುಬಿಟ್ಟರು, ಅಷ್ಟೇ ಹೇಳಿದೆ. ಮೊಣಕಾಲು ನೋವು ಹೇಗಿದೆ ಅಂತ ಅಮ್ಮ ಕೇಳಿದ್ದಕ್ಕೂ ಸಿಟ್ಟು. ಆಮೇಲೆ ನನಗೆ ಪೋರ್ಚುಗೀಸ್ ನಾವಿಕ ಬಾರ್ತೊಲೊಮಿಯು ಡಯಾಸ್ ನೆನಪಾದ. ಫೋನಿನಲ್ಲಿ ಶುರು ಮಾಡಿದ್ದರೆ "ಅಪ್ಪಾ, ಪಾಠ ಬೇಡ" ಅನ್ನುತ್ತಿದ್ದೆ. ಅದಕ್ಕೇ ಈ ಕಾಗದ.

ವಾಸ್ಕೋ ಡ ಗಾಮ ಎಲ್ಲರಿಗೂ ಗೊತ್ತು. 1498ರಲ್ಲಿ ನಮ್ಮ ಬಿಣಗಾ ಎದುರಿನ ಅಂಜುದೀವದಲ್ಲೇ ಹಡಗು ರಿಪೇರಿ ಮಾಡಿಕೊಂಡು ಹೋದವನು. ಅವನಿಗಿಂತ ಹತ್ತು ವರ್ಷ ಮೊದಲು ಆಫ್ರಿಕಾದ ದಕ್ಷಿಣ ತುದಿ ಸುತ್ತಿದವನು ಈ ಡಯಾಸ್. ಭಾರತಕ್ಕೆ ಸಮುದ್ರದ ದಾರಿ ಹುಡುಕು ಅಂತ ಪೋರ್ಚುಗಲ್ಲಿನ ರಾಜ ಕಳಿಸಿದ್ದ.

1487ರ ಆಗಸ್ಟಿನಲ್ಲಿ ಲಿಸ್ಬನ್ನಿನಿಂದ ಹೊರಟ. ಎರಡು ಸಣ್ಣ ಹಾಯಿಹಡಗು, ಜೊತೆಗೆ ದವಸ ತುಂಬಿದ ಇನ್ನೊಂದು. ಆ ದವಸದ ಹಡಗನ್ನು ದಾರಿಯಲ್ಲಿ ಒಂದು ಕೊಲ್ಲಿಯಲ್ಲಿ ಒಂಬತ್ತು ಜನರ ಕಾವಲಿನಲ್ಲಿ ಬಿಟ್ಟು ಮುಂದೆ ಹೋದರು. ಆಮೇಲೆ ಬಿರುಗಾಳಿ. ಹದಿಮೂರು ದಿನ ಹಾಯಿ ಅರ್ಧಕ್ಕಿಳಿಸಿಕೊಂಡು ಗಾಳಿ ತಳ್ಳಿದತ್ತ ಹೋದರು. ಗಾಳಿ ತಗ್ಗಿದ ಮೇಲೆ ಪೂರ್ವಕ್ಕೆ ತಿರುಗಿದರೆ ದಡವೇ ಇಲ್ಲ! ಅಷ್ಟು ದಿನ ಎಡಗಡೆ ಇದ್ದ ನೆಲ ಮಾಯ. ಉತ್ತರಕ್ಕೆ ತಿರುಗಿಸಿದಾಗ ಮತ್ತೆ ಸಿಕ್ಕಿತು. ಅದು 1488ರ ಫೆಬ್ರವರಿ 3, ಈಗಿನ ದಕ್ಷಿಣ ಆಫ್ರಿಕಾದ ಮಾಸೆಲ್ ಬೇ. ತುದಿಯನ್ನು ಕಣ್ಣಿಂದ ನೋಡದೆಯೇ ದಾಟಿಬಿಟ್ಟಿದ್ದರು.

ಅಲ್ಲಿ ದನ ಮೇಯಿಸುತ್ತಿದ್ದ ಜನ ಇದ್ದರು. ಇವರು ನೀರು ತುಂಬಿಕೊಳ್ಳುವಾಗ ಗುಡ್ಡದ ಮೇಲಿನಿಂದ ಕಲ್ಲೆಸೆದರು. ಡಯಾಸ್ ಬಿಲ್ಲೆತ್ತಿ ಒಬ್ಬನನ್ನು ಕೊಂದ. ಅವರ ನೆಲ, ಅವರ ನೀರು. ಅವನನ್ನು ಸುಮ್ನೆ ಹೊಗಳೋಕೆ ನನಗೆ ಬಾಯಿ ಬರುವುದಿಲ್ಲ.

ದಡ ಹಿಡಿದು ಪೂರ್ವಕ್ಕೆ ಇನ್ನಷ್ಟು ದೂರ ಹೋದ ಮೇಲೆ ನಾವಿಕರು ಸಾಕು ಅಂದರು. ದವಸ ತೀರುತ್ತಾ ಬಂದಿತ್ತು. ಡಯಾಸ್ ಎಲ್ಲರನ್ನೂ ದಡಕ್ಕೆ ಕರೆದು ಒಬ್ಬೊಬ್ಬರನ್ನೇ ಕೇಳಿದ. ವಾಪಸ್ ಹೋಗೋಣ ಅಂದದ್ದಕ್ಕೆ ಸಹಿಯನ್ನೂ ಹಾಕಿಸಿಕೊಂಡ. ನಾಳೆ ರಾಜನಿಗೆ ಉತ್ತರ ಕೊಡಬೇಕಲ್ಲ! ಇಷ್ಟೆಲ್ಲ ಆದ ಮೇಲೂ, ಇನ್ನೆರಡು ಮೂರು ದಿನ ಕೊಡಿ ಅಂತ ಬೇಡಿಕೊಂಡ. ಕೊಟ್ಟರು. ಒಂದು ನದಿಯ ಅಳಿವೆವರೆಗೆ ಹೋಗಿ ತಿರುಗಿದರು.

ನಾನು ಅಪ್ಪ ನೋಡು, ನನಗೆ ನಾವಿಕರ ಮಾತೇ ಸರಿ ಕಾಣುತ್ತದೆ. ನಿನ್ನ ವಯಸ್ಸಿನಲ್ಲಿ ಡಯಾಸನ ಪಕ್ಷ ಹಿಡಿಯುತ್ತಿದ್ದೆನೋ ಏನೋ.

ಆ ಕಡೆ ಅವರು ಶಿಲುಬೆಯ ಒಂದು ಕಲ್ಲುಕಂಬ ನೆಟ್ಟಿದ್ದರು. ಅದನ್ನು ಬಿಟ್ಟು ಹೊರಡುವಾಗ ಡಯಾಸ್, ಮಗನನ್ನು ಜನ್ಮಕ್ಕೂ ಗಡಿಪಾರು ಮಾಡಿ ಬಂದವನ ಹಾಗೆ ಸಂಕಟಪಟ್ಟನಂತೆ. ಬಾರೋಸ್ ಎಂಬ ಇತಿಹಾಸಕಾರ 1552ರಲ್ಲಿ ಹೀಗೆ ಬರೆದ. ಡಯಾಸ್ ಸತ್ತು ಐವತ್ತು ವರ್ಷ ಕಳೆದಿತ್ತು, ಸ್ವಲ್ಪ ಉಪ್ಪು ಖಾರ ಸೇರಿಸಿರಬಹುದು. ಆದರೂ ಕಲ್ಲನ್ನು ಮಗ ಅಂದದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. 1938ರಲ್ಲಿ ಅದರ ಚೂರುಗಳು ಸಿಕ್ಕವು. ಜೋಡಿಸಿ ಜೊಹಾನ್ಸ್‌ಬರ್ಗಿನಲ್ಲಿ ನಿಲ್ಲಿಸಿದ್ದಾರೆ.

ಬರುವಾಗ ಕಾಣದೆ ದಾಟಿದ್ದ ಆ ಭೂಶಿರ, ಅಂದರೆ ಕೇಪ್ ಆಫ್ ಗುಡ್ ಹೋಪ್, ಕಣ್ಣಿಗೆ ಬಿದ್ದದ್ದು ವಾಪಸ್ ಬರುವಾಗಲೇ. ದವಸದ ಹಡಗಿನ ಹತ್ತಿರ ಬಂದರೆ ಒಂಬತ್ತು ಜನರಲ್ಲಿ ಮೂವರೇ ಉಳಿದಿದ್ದರು. ಅವರಲ್ಲಿ ಒಬ್ಬ ಗುಮಾಸ್ತ, ಫೆರ್ನಾವ್ ಕೊಲಾಸೊ, ತನ್ನವರನ್ನು ಕಂಡ ಖುಷಿಗೇ ಸತ್ತುಹೋದನಂತೆ. ಅಷ್ಟು ಸೋತಿದ್ದ. ಹುಳು ತಿಂದಿದ್ದ ಆ ಹಡಗನ್ನು ಅಲ್ಲೇ ಸುಟ್ಟು, ಡಿಸೆಂಬರಿನಲ್ಲಿ ಊರು ಸೇರಿದರು.

ಮುಂದಿನ ಪ್ರಯಾಣಕ್ಕೆ ಇವನನ್ನು ನಾಯಕ ಮಾಡಲಿಲ್ಲ. ಗಾಮನ ಹಡಗು ಕಟ್ಟುವ ಕೆಲಸ ನೋಡಿಕೊಂಡ, ಸ್ವಲ್ಪ ದೂರ ಜೊತೆಗೆ ಹೋದ, ಆಮೇಲೆ ಬೇರೆ ದಾರಿ ಹಿಡಿದ. 1500ರಲ್ಲಿ ಕಬ್ರಾಲ್ ಎಂಬ ಪೋರ್ಚುಗೀಸ್ ನಾಯಕನ ಹದಿಮೂರು ಹಡಗುಗಳ ಜೊತೆ ಮತ್ತೆ ಭಾರತಕ್ಕೇ ಹೊರಟ. ಆ ತುದಿಗೆ ಹೋಗುವ ದಾರಿಯಲ್ಲೇ ಬಿರುಗಾಳಿಗೆ ನಾಲ್ಕು ಹಡಗು ಮುಳುಗಿದವು. ಒಂದರಲ್ಲಿ ಇವನಿದ್ದ.

ಮುಂದಿನ ವರ್ಷ ಮತ್ತೆ ಆ ಬೆಟ್ಟಕ್ಕೆ ಹೋಗುತ್ತೀಯಾ ಅಂತ ನಾನು ಕೇಳುವುದಿಲ್ಲ. ಅಮ್ಮ ಕೇಳುತ್ತಾಳೆ, ಉತ್ತರ ರೆಡಿ ಮಾಡಿಕೋ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು.

ಇತಿ,
ಅಪ್ಪ